ಹಳೆಯ ಜೀಪಿನ ಸದ್ದಿಗೆ ಅರ್ಥವೇನು?

ಸಂಸ್ಕೃತದಲ್ಲಿ ‘ಸೈಂಧವ’ ಎಂಬ ಶಬ್ದಕ್ಕೆ ಎರಡರ್ಥ. ಸಿಂಧು ದೇಶದ ಉಪ್ಪೂ ಸೈಂಧವ, ಸಿಂಧು ದೇಶದ ಕುದುರೆಯೂ ಸೈಂಧವ. ಊಟಕ್ಕೆ ಕುಳಿತ ಯಜಮಾನನು ‘ಸೈಂಧವವನ್ನು ತಾ’ ಎಂದರೆ ಸೇವಕನು ಉಪ್ಪನ್ನು ತರಬೇಕು. ಪ್ರಯಾಣಕ್ಕೆ ಹೊರಟು ನಿಂತು ಅದೇ ಮಾತನ್ನಾಡಿದರೆ ಕುದುರೆಯನ್ನು ತರಬೇಕು. ಶಬ್ದವು ಒಂದೇ ಆದರೂ ಅದು ಹೊರಟ ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆ ಎಂಬುದಕ್ಕೆ ಶಾಸ್ತ್ರಗಳಲ್ಲಿ ಬರುವ ಹಳೆಯ ಉದಾಹರಣೆಯಿದು. ಮಾತಿಗೆ ಸಲ್ಲುವ ಈ ನ್ಯಾಯವು ಯಂತ್ರದ ಸದ್ದಿಗೂ ಸಲ್ಲುತ್ತದೆ. ಹಳೆಯ ಜೀಪೊಂದರ ಅಡಿಯಿಂದ ‘ಗುಂಯ್’ ಎಂಬ ಸದ್ದು ಬಂದಿತೆನ್ನಿ. ಅದು ಗೇರ್ ಬಾಕ್ಸಿನದಿರಬಹುದು, ಹಿಂದಿನ ಆಕ್ಸಲಿನದಿರಬಹುದು, ಬರಿಯ ಟೈರಿನದೂ ಇರಬಹುದು. ಎಂತಹ ಸದ್ದು ಎಂದಷ್ಟೇ ವಿಚಾರಿಸಿದರೆ ಸಾಲದು. ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂದು ವಿಚಾರಿಸಿದರೆ ಮಾತ್ರ ಅದರ ಅರ್ಥ ತಿಳಿದೀತು. ಆ ವಿಚಾರಣೆಯ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಹಳೆಯ ಜೀಪು ಇನ್ನೂ ದುಡಿಯುವ ವಾಹನ. ಕೊಡಚಾದ್ರಿಯಂತಹ ಬೆಟ್ಟಗಳಿಗೆ ಯಾತ್ರಿಕರನ್ನು ಹತ್ತಿಸುವುದು ಜೀಪು. ತೋಟಕ್ಕೆ ಗೊಬ್ಬರವನ್ನೂ ತೋಟದಿಂದ ಕಾಫಿಯ ಮೂಟೆಯನ್ನೂ ಸಾಗಿಸುವುದು ಜೀಪು. ಮಳೆಗಾಲದ ರಾತ್ರಿಯಲ್ಲಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸೇರಿಸಬೇಕಾದರೆ ನೆರೆಮನೆಯ ಜೀಪನ್ನೇ ಕರೆಯಬೇಕಾದ ಊರುಗಳು ಇಂದಿಗೂ ಉಂಟು. ನಾನು ಪಾಠ ಹೇಳುವ ಪ್ರೌಢಶಾಲೆಗೆ ಕೆಲವು ಮಕ್ಕಳು ಬರುವುದು ಇಂತಹ ಜೀಪುಗಳಲ್ಲಿಯೇ, ಕಡಿದಾದ ಇಳಿಜಾರನ್ನು ಇಳಿದು. ಆದುದರಿಂದ ಆ ವಾಹನದ ಅಡಿಯಿಂದ ಹೊಸದಾಗಿ ಹೊರಟ ಸದ್ದು ಬರಿಯ ಕಿವಿಯ ಕಿರುಕುಳವಲ್ಲ. ಕೆಲವು ಸದ್ದುಗಳನ್ನು ವರ್ಷಗಟ್ಟಲೆ ಸಹಿಸಿಕೊಂಡಿರಬಹುದು. ಕೆಲವನ್ನು ಕೇಳಿದ ದಿನವೇ ಬಂಡಿಯನ್ನು ನಿಲ್ಲಿಸಬೇಕು. ಈ ಎರಡರ ಅಂತರವನ್ನು ಅರಿಯುವುದು ಜೀಪನ್ನು ಓಡಿಸುವವರಿಗೆಲ್ಲ ಅಗತ್ಯ.

ಜೀಪು ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೆಂದು ಹುಟ್ಟಿದ ವಾಹನ. ಯುದ್ಧ ಮುಗಿದ ಮೇಲೆ ಅಮೆರಿಕದ ವಿಲ್ಲಿಸ್ ಕಂಪನಿಯವರು ಅದನ್ನು ಹೊಲತೋಟಗಳ ಕೆಲಸಕ್ಕೆ ಒಗ್ಗಿಸಿದರು. ಮುಂಬಯಿಯ ಮಹೀಂದ್ರ ಕಂಪನಿಯವರು ೧೯೪೭ರಿಂದ ನಮ್ಮ ದೇಶದಲ್ಲಿ ಜೀಪುಗಳನ್ನು ಜೋಡಿಸತೊಡಗಿದರು. ಎತ್ತರದ ಬಾನೆಟ್ಟಿನ ಸಿ.ಜೆ. ೩ಬಿ ಎಂಬ ಮಾದರಿ ೧೯೫೩ರಲ್ಲಿ ಅಮೆರಿಕದಲ್ಲಿ ಹೊರಬಂದಿತು. ೧೯೬೮ರಲ್ಲಿ ಅಲ್ಲಿ ಅದರ ತಯಾರಿಕೆ ನಿಂತರೂ ನಮ್ಮಲ್ಲಿ ಆಮೇಲೆಯೂ ಬಹುಕಾಲ ಅದು ತಯಾರಾಗುತ್ತಿತ್ತು. ನಮ್ಮ ಕಡೆಯ ಹಳೆಯ ಜೀಪುಗಳಲ್ಲಿ ಅನೇಕವು ಈ ಮನೆತನಕ್ಕೆ ಸೇರಿದವು. ಆ ಮಾದರಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ವಿಷಯಕ್ಕೆ ಹೋಗೋಣ.

ಎಂಜಿನಿನ ಶಕ್ತಿ ಚಕ್ರವನ್ನು ಮುಟ್ಟುವ ದಾರಿಯನ್ನು ಮೊದಲು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು. ಎಂಜಿನಿನ ಬೆನ್ನಿಗೆ ಕ್ಲಚ್ಚು; ಅದರ ಹಿಂದೆ ಮೂರು ಮುಂದಿನ ಗೇರು, ಒಂದು ರಿವರ್ಸ್ ಗೇರು ಉಳ್ಳ ಗೇರ್ ಬಾಕ್ಸು; ಅದಕ್ಕೆ ಅಂಟಿಕೊಂಡಂತೆ ಟ್ರಾನ್ಸ್‌ಫರ್ ಕೇಸು ಎಂಬ ಎರಡನೆಯ ಪೆಟ್ಟಿಗೆ. ಶಕ್ತಿಯನ್ನು ಹಿಂದಿನ ಚಕ್ರಗಳಿಗೆ ಮಾತ್ರ ಕಳಿಸಬೇಕೋ, ನಾಲ್ಕಕ್ಕೂ ಹಂಚಬೇಕೋ ಎಂಬುದು ಈ ಎರಡನೆಯ ಪೆಟ್ಟಿಗೆಯಲ್ಲಿ ತೀರ್ಮಾನವಾಗುತ್ತದೆ. ಅಲ್ಲಿಂದ ಹಿಂದಕ್ಕೊಂದು ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು. ಪ್ರತಿಯೊಂದು ಶಾಫ್ಟಿನ ಎರಡು ತುದಿಗಳಲ್ಲಿಯೂ ಮೇಸ್ತ್ರಿಗಳು ‘ಕ್ರಾಸು’ ಎನ್ನುವ ನಾಲ್ಕು ಕೈಗಳ ಕೀಲು. ಶಾಫ್ಟಿನ ಕೊನೆಗೆ ಡಿಫರೆನ್ಷಿಯಲು; ಅದರೊಳಗೆ ಚಿಕ್ಕ ಪಿನಿಯನ್, ದೊಡ್ಡ ಕ್ರೌನು. ಅಲ್ಲಿಂದ ಎಡಬಲಕ್ಕೆ ಆಕ್ಸಲು; ಆಕ್ಸಲಿನ ತುದಿಯಲ್ಲಿ ಬೇರಿಂಗು ಮತ್ತು ಚಕ್ರ. ಸದ್ದನ್ನು ಹುಡುಕುವುದೆಂದರೆ ಈ ದಾರಿಯಲ್ಲಿ ಯಾವ ಮೈಲಿಗಲ್ಲಿನ ಬಳಿ ಅದು ಹುಟ್ಟಿತು ಎಂದು ಪತ್ತೆಮಾಡುವುದು, ಅಷ್ಟೆ.

ಈ ದಾರಿಯಲ್ಲಿ ಸದ್ದು ಮಾಡುವ ಅಂಗಗಳು ಮುಖ್ಯವಾಗಿ ಮೂರು ಬಗೆ: ಹಲ್ಲು, ಉರುಳೆ, ಕೀಲು. ಹಲ್ಲುಚಕ್ರಗಳು ಒಂದನ್ನೊಂದು ಕಚ್ಚುವಾಗ ಪ್ರತಿ ಹಲ್ಲಿಗೂ ಒಂದೊಂದು ಪುಟ್ಟ ತಾಡನ. ಅವು ಸಮಾನ ಅಂತರದಲ್ಲಿ ಒಂದರ ಹಿಂದೊಂದು ಬೀಳುವುದರಿಂದ ಅಲ್ಲಿ ಶ್ರುತಿಯುಳ್ಳ ಸ್ವರ ಹುಟ್ಟುತ್ತದೆ. ಬೇರಿಂಗಿನ ಗುಂಡು ಅಥವಾ ಉರುಳೆ ಸವೆದು ಮೈ ಒರಟಾದರೆ ಸಾಮಾನ್ಯವಾಗಿ ಶ್ರುತಿ ಹಿಡಿಯಲಾಗದ ಗೊರಗೊರ ಸದ್ದು ಬರುತ್ತದೆ. ಕೀಲು ಸಡಿಲವಾದರೆ, ಎಳೆತದ ದಿಕ್ಕು ಬದಲಾದಾಗಲೆಲ್ಲ ‘ಟಣ್’ ಎಂದೋ ‘ದಡ್’ ಎಂದೋ ಒಂದೇ ಒಂದು ಪೆಟ್ಟು. ಹಲ್ಲು ಹಾಡುತ್ತದೆ, ಬೇರಿಂಗು ಗೊಣಗುತ್ತದೆ, ಕೀಲು ಬಡಿಯುತ್ತದೆ: ಇಷ್ಟನ್ನು ನೆನಪಿಟ್ಟರೆ ಅರ್ಧ ಪಾಠ ಮುಗಿದಂತೆ.

ಈ ವಿಂಗಡಣೆಗೆ ಕನ್ನಡವು ಒಳ್ಳೆಯ ಸಾಧನ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯಗಳೆಂದು ನಾವೆಲ್ಲ ಓದಿದ ಪದಗಳು ಎಷ್ಟಿವೆ! ಗುಂಯ್‌ಗುಡುವುದು ಬೇರೆ, ಗೊರಗುಟ್ಟುವುದು ಬೇರೆ. ಕಟಕಟ ಬೇರೆ, ಕಿರಕಿರ ಬೇರೆ, ಕೀಚುಕೀಚು ಬೇರೆ. ಗ್ಯಾರೇಜಿಗೆ ಹೋಗಿ ‘ಏನೋ ಸೌಂಡು ಬರುತ್ತಿದೆ’ ಎಂದರೆ ಮೇಸ್ತ್ರಿಗೆ ತಿಳಿಯುವುದೇನೂ ಇಲ್ಲ. ಅಜ್ಜಿಯಂದಿರು ಕಥೆ ಹೇಳುವಾಗ ಬಳಸುವಷ್ಟು ಪದಗಳನ್ನು ನಾವು ಗ್ಯಾರೇಜಿನಲ್ಲಿ ಬಳಸಿದರೆ ನಮಗೂ ಲಾಭ, ಮೇಸ್ತ್ರಿಗೂ ಲಾಭ.

ಇನ್ನು ಸಂದರ್ಭದ ಮಾತು. ತರ್ಕಶಾಸ್ತ್ರದಲ್ಲಿ ಅನ್ವಯ-ವ್ಯತಿರೇಕ ಎಂಬ ಕ್ರಮವಿದೆ. ಇದು ಇದ್ದಾಗ ಅದೂ ಇದೆ, ಇದು ಇಲ್ಲದಾಗ ಅದೂ ಇಲ್ಲ ಎಂದು ಎರಡು ಕಡೆಯಿಂದಲೂ ನೋಡಿ ಕಾರಣವನ್ನು ಗೊತ್ತುಮಾಡುವ ಕ್ರಮವದು. ಜೀಪಿನಲ್ಲಿ ಇದಕ್ಕೆ ಬೇಕಾದ ಅನುಕೂಲವೆಲ್ಲ ಉಂಟು. ಕ್ಲಚ್ಚಿನ ಪೆಡಲು, ಗೇರಿನ ಹಿಡಿ, ಟ್ರಾನ್ಸ್‌ಫರ್ ಕೇಸಿನ ಹಿಡಿಗಳು ಇವೆಲ್ಲ ದಾರಿಯ ನಡುವಣ ಬಾಗಿಲುಗಳಿದ್ದಂತೆ. ಒಂದೊಂದನ್ನೇ ಮುಚ್ಚಿ ತೆರೆದು, ಯಾವ ಬಾಗಿಲು ಮುಚ್ಚಿದಾಗ ಸದ್ದು ನಿಂತಿತು ಎಂದು ನೋಡಿದರಾಯಿತು. ಒಂದು ನಟ್ಟನ್ನೂ ಬಿಚ್ಚಬೇಕಾಗಿಲ್ಲ.

ಮೊದಲು ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಕೊಟ್ಟು, ಗೇರನ್ನು ನ್ಯೂಟ್ರಲಿನಲ್ಲಿಟ್ಟು ಎಂಜಿನನ್ನು ಚಾಲೂಮಾಡಿ. ಪೆಡಲನ್ನು ತುಳಿಯದಿದ್ದಾಗ ಗೊರಗೊರ ಕೇಳಿ, ತುಳಿದೊಡನೆ ನಿಂತರೆ ಅದು ಗೇರ್ ಬಾಕ್ಸಿನ ಮುಂದಿನ ಬೇರಿಂಗು ಅಥವಾ ಒಳಗಿನ ಕೆಳ ಶಾಫ್ಟಿಗೆ ಸೇರಿದ ಸದ್ದು; ಏಕೆಂದರೆ ಕ್ಲಚ್ಚು ಬಿಡಿಸಿಕೊಂಡೊಡನೆ ನಿಲ್ಲುವ ಅಂಗಗಳು ಅವು. ಇದಕ್ಕೆ ವಿರುದ್ಧವಾಗಿ, ಪೆಡಲನ್ನು ತುಳಿದಾಗಲೇ ಕಿರಕಿರ ಎಂದು ಹೊರಟು ಬಿಟ್ಟೊಡನೆ ನಿಂತರೆ ಮೊದಲು ಅನುಮಾನಿಸಬೇಕಾದುದು ಕ್ಲಚ್ ರಿಲೀಸ್ ಬೇರಿಂಗನ್ನು. ಕ್ಲಚ್ಚಿನ ಮೇಲೆ ಸದಾ ಪಾದ ಊರಿ ಓಡಿಸುವ ಚಾಲಕರ ಜೀಪಿನಲ್ಲಿ ಈ ಸದ್ದು ಬೇಗ ಬರುತ್ತದೆ.

ಈ ಜೀಪಿನಲ್ಲಿ ಇನ್ನೊಂದು ಸೌಕರ್ಯವುಂಟು. ಟ್ರಾನ್ಸ್‌ಫರ್ ಕೇಸಿಗೂ ತನ್ನದೇ ಆದ ನ್ಯೂಟ್ರಲ್ ಇದೆ. ಅದನ್ನು ನ್ಯೂಟ್ರಲಿನಲ್ಲಿಟ್ಟು ಗೇರ್ ಬಾಕ್ಸನ್ನು ಒಂದು, ಎರಡು, ಮೂರು ಎಂದು ಹಾಕುತ್ತ ಹೋದರೆ, ವಾಹನ ನಿಂತಲ್ಲೇ ನಿಂತಿರುತ್ತದೆ. ಗೇರ್ ಬಾಕ್ಸಿನ ಹಿಂದಿನ ಶಾಫ್ಟೂ ಟ್ರಾನ್ಸ್‌ಫರ್ ಕೇಸಿನ ಒಳಗಿನ ಕೆಲವು ಹಲ್ಲುಚಕ್ರಗಳೂ ಮಾತ್ರ ತಿರುಗುತ್ತವೆ. ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲು, ಚಕ್ರ ಇವೆಲ್ಲ ಸ್ತಬ್ಧ. ರಸ್ತೆಯಲ್ಲಿ ಕೇಳುತ್ತಿದ್ದ ಸದ್ದು ಇಲ್ಲಿಯೂ ಕೇಳಿದರೆ ಹಿಂದಿನ ಅಂಗಗಳು ನಿರ್ದೋಷಿಗಳೆಂದಾಯಿತು. ಆದರೆ ಕೇಳದಿದ್ದ ಮಾತ್ರಕ್ಕೆ ಗೇರ್ ಬಾಕ್ಸು ನಿರ್ದೋಷಿ ಎನ್ನಲಾಗದು. ಭಾರ ಬಿದ್ದಾಗ ಮಾತ್ರ ಕೂಗುವ ಹಲ್ಲುಗಳುಂಟು.

ಅದಕ್ಕಾಗಿ ರಸ್ತೆಗೆ ಇಳಿಯಬೇಕು. ಜನಸಂಚಾರವಿಲ್ಲದ, ಏರಿಳಿತವಿಲ್ಲದ ರಸ್ತೆಯನ್ನೇ ಆರಿಸಿಕೊಳ್ಳಿ. ಮೂರನೆಯ ಗೇರಿನಲ್ಲಿ ಶಕ್ತಿಯು ಗೇರ್ ಬಾಕ್ಸಿನ ಕೆಳ ಶಾಫ್ಟಿನ ಹಲ್ಲುಗಳನ್ನು ಹಾಯದೆ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಆದುದರಿಂದ ಒಂದು, ಎರಡನೆಯ ಗೇರುಗಳಲ್ಲಿ ಕೂಗಿ ಮೂರರಲ್ಲಿ ಸುಮ್ಮನಾದರೆ ಕೆಳ ಶಾಫ್ಟಿನ ಹಲ್ಲು, ಬೇರಿಂಗುಗಳ ಕಡೆಗೆ ಬೆರಳು ತೋರಿಸಬಹುದು. ಎಲ್ಲ ಗೇರುಗಳಲ್ಲಿಯೂ ಒಂದೇ ಸಮನಾಗಿ ಕೂಗಿದರೆ ಗೇರ್ ಬಾಕ್ಸಿನ ಮುಖ್ಯ ಬೇರಿಂಗುಗಳು, ಇಲ್ಲವೇ ಅದರಿಂದಾಚೆಯ ಅಂಗಗಳು. ಒಂದು ಮಾತನ್ನು ಇಲ್ಲಿ ಹೇಳಬೇಕು. ಈ ಮಾದರಿಯ ಟ್ರಾನ್ಸ್‌ಫರ್ ಕೇಸಿನಲ್ಲಿ ಶಕ್ತಿಯು ಯಾವಾಗಲೂ ನಡುವಣ ಒಂದು ಹಲ್ಲುಚಕ್ರವನ್ನು ದಾಟಿಯೇ ಹೋಗಬೇಕು. ಹೀಗಾಗಿ ಹೊಸದಾಗಿದ್ದಾಗಲೂ ಅದು ಸ್ವಲ್ಪ ಹಾಡುತ್ತಿದ್ದ ಪೆಟ್ಟಿಗೆಯೇ. ಒಂದನೆಯ ಗೇರೂ ರಿವರ್ಸ್ ಗೇರೂ ಹೆಚ್ಚು ಗುಂಯ್‌ಗುಡುವುದು ಇಂತಹ ಹಳೆಯ ಗೇರ್ ಬಾಕ್ಸುಗಳ ಸ್ವಭಾವ. ಈಗಿನ ಕಾರಿನ ಮೌನವನ್ನು ಹಳೆಯ ಜೀಪಿನಿಂದ ನಿರೀಕ್ಷಿಸುವುದು ಸರಿಯಲ್ಲ. ಹತ್ತು ವರ್ಷಗಳಿಂದ ಇರುವ ಸದ್ದು ಅದರ ಕಂಠ. ಕಳೆದ ವಾರ ಹುಟ್ಟಿದ ಸದ್ದು ಅದರ ಕಾಯಿಲೆ.

ಎಂಜಿನಿನ ವೇಗಕ್ಕೆ ಅನುಸರಿಸಿ ಸದ್ದು ಬದಲಾಗುತ್ತದೆಯೋ, ಚಕ್ರದ ವೇಗಕ್ಕೆ ಅನುಸರಿಸಿಯೋ ಎಂಬುದು ಮುಂದಿನ ಪ್ರಶ್ನೆ. ಮೂವತ್ತು ಕಿಲೋಮೀಟರು ವೇಗದಲ್ಲಿ ಎರಡನೆಯ ಗೇರಿನಲ್ಲಿ ಒಮ್ಮೆ, ಮೂರನೆಯ ಗೇರಿನಲ್ಲಿ ಒಮ್ಮೆ ಓಡಿಸಿ. ಎರಡು ಸಲವೂ ಸ್ವರ ಒಂದೇ ಇದ್ದರೆ ಅದು ಚಕ್ರಕ್ಕೆ ಸೇರಿದ್ದು. ಗೇರು ಬದಲಾದಾಗ ಸ್ವರವೂ ಬದಲಾದರೆ ಎಂಜಿನು, ಕ್ಲಚ್ಚು, ಗೇರ್ ಬಾಕ್ಸುಗಳ ಕಡೆಯದು. ಸಮತಟ್ಟಾದ ಕಡೆ ಕ್ಷಣಕಾಲ ನ್ಯೂಟ್ರಲಿಗೆ ತಂದು ವಾಹನ ತಾನಾಗಿ ಉರುಳುವಾಗಲೂ ಗೊರಗೊರ ಮುಂದುವರಿದರೆ, ಅದು ಟ್ರಾನ್ಸ್‌ಫರ್ ಕೇಸಿನಿಂದ ಚಕ್ರದವರೆಗಿನ ಭಾಗದ್ದು. ಇಳಿಜಾರಿನಲ್ಲಿ ಈ ಪರೀಕ್ಷೆಯನ್ನು ಎಂದಿಗೂ ಮಾಡಬಾರದು. ಎಂಜಿನಿನ ಹಿಡಿತ ತಪ್ಪಿದ ಜೀಪು ಘಾಟಿಯಲ್ಲಿ ಯಾರ ಮಾತನ್ನೂ ಕೇಳುವುದಿಲ್ಲ.

ಸದ್ದು ಹಿಂದಿನಿಂದಲೇ ಎಂದು ಗೊತ್ತಾದ ಮೇಲೆ ಕ್ರೌನು-ಪಿನಿಯನ್ನನ್ನು ಬೇರಿಂಗಿನಿಂದ ಬೇರ್ಪಡಿಸಬೇಕು. ಆಕ್ಸಿಲರೇಟರನ್ನು ಒತ್ತಿದಾಗ ಹಲ್ಲಿನ ಒಂದು ಮುಖದ ಮೇಲೆ ಭಾರ ಬೀಳುತ್ತದೆ. ಬಿಟ್ಟಾಗ ವಾಹನವೇ ಎಂಜಿನನ್ನು ತಳ್ಳುವುದರಿಂದ ಇನ್ನೊಂದು ಮುಖದ ಮೇಲೆ ಬೀಳುತ್ತದೆ. ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಗುಂಯ್ ಎಂದರೆ ಕ್ರೌನು-ಪಿನಿಯನ್ನಿನ ಹಲ್ಲು ಸವೆದಿದೆ, ಇಲ್ಲವೇ ಅವುಗಳ ಹೊಂದಾಣಿಕೆ ತಪ್ಪಿದೆ, ಇಲ್ಲವೇ ಪಿನಿಯನ್ನಿನ ಬೇರಿಂಗು ಸಡಿಲವಾಗಿದೆ. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗೊಣಗಿದರೆ ಚಕ್ರದ ಬೇರಿಂಗನ್ನು ನೋಡಬೇಕು. ಅದಕ್ಕೆ ತಿರುವು ಸಾಕ್ಷಿ ಹೇಳುತ್ತದೆ. ಎಡಕ್ಕೆ ತಿರುಗುವಾಗ ವಾಹನದ ಭಾರ ಬಲಚಕ್ರಗಳ ಮೇಲೆ ವಾಲುತ್ತದೆ. ಆಗ ಗೊಣಗು ಹೆಚ್ಚಿದರೆ ದೋಷ ಬಲಗಡೆಯದು. ಬಲಕ್ಕೆ ತಿರುಗುವಾಗ ಹೆಚ್ಚಿದರೆ ಎಡಗಡೆಯದು. ತಿರುವಿನಲ್ಲಿ ಮಾತ್ರ ಕಟಕಟ ಎಂದು ನೇರ ರಸ್ತೆಯಲ್ಲಿ ಮೌನವಾದರೆ ಡಿಫರೆನ್ಷಿಯಲಿನ ಒಳಗಿನ ಚಿಕ್ಕ ಹಲ್ಲುಚಕ್ರಗಳನ್ನು ಅನುಮಾನಿಸಬಹುದು. ಎಡಬಲ ಚಕ್ರಗಳ ವೇಗದ ಅಂತರವನ್ನು ಸರಿತೂಗಿಸಲು ಅವು ತಿರುಗುವುದು ಆಗಲೇ.

ಈ ಸಾಕ್ಷಿಯನ್ನು ಕೇಳದೆ ತೀರ್ಪು ಕೊಟ್ಟರೆ ಏನಾಗುತ್ತದೆಂಬುದಕ್ಕೆ ಒಂದು ನಿದರ್ಶನವುಂಟು. ನನ್ನ ಪರಿಚಿತ ತೋಟಗಾರರೊಬ್ಬರ ಜೀಪು ಗೊರಗೊರ ಎನ್ನತೊಡಗಿತು. ಒಂದು ಗ್ಯಾರೇಜಿನಲ್ಲಿ ಗೇರ್ ಬಾಕ್ಸನ್ನು ಇಳಿಸಿ ಬೇರಿಂಗುಗಳನ್ನು ಬದಲಾಯಿಸಿದರು, ಸದ್ದು ಹೋಗಲಿಲ್ಲ. ಮತ್ತೊಮ್ಮೆ ಇಳಿಸಿದರು, ಆಗಲೂ ಹೋಗಲಿಲ್ಲ. ಕಾಫಿ ಕೊಯ್ಲಿನ ನಡುವೆ ಹದಿನೈದು ದಿನ ಬಂಡಿಯಿಲ್ಲ, ಕೈಯಿಂದ ಹಣವೂ ಹೋಯಿತು. ಕೊನೆಗೆ ಅದನ್ನು ದಿನವೂ ಓಡಿಸುತ್ತಿದ್ದ ಚಾಲಕನೇ, ‘ಅಯ್ಯಾ, ಬಲಕ್ಕೆ ತಿರುಗಿಸಿದಾಗ ಜಾಸ್ತಿ ಆಗುತ್ತೆ, ನ್ಯೂಟ್ರಲ್ ಮಾಡಿದರೂ ನಿಲ್ಲುವುದಿಲ್ಲ’ ಎಂದ. ಹಿಂದಿನ ಎಡಚಕ್ರದ ಬೇರಿಂಗನ್ನು ಬಿಚ್ಚಿ ನೋಡಿದರೆ ಉರುಳೆಗಳ ಮೈಯೆಲ್ಲ ಸಿಡುಬಿನ ಕಲೆಯಂತಾಗಿತ್ತು. ಆ ಎರಡು ವಾಕ್ಯಗಳನ್ನು ಮೊದಲ ದಿನವೇ ಯಾರಾದರೂ ಅವನಿಂದ ಕೇಳಿದ್ದರೆ ಗೇರ್ ಬಾಕ್ಸನ್ನು ಮುಟ್ಟಬೇಕಾಗಿಯೇ ಇರಲಿಲ್ಲ.

ಎಣಿಸುವುದೂ ಒಂದು ಉಪಾಯ. ಸಿ.ಜೆ. ೩ಬಿ ಮಾದರಿಯಲ್ಲಿ ಪಿನಿಯನ್ನಿಗೆ ೮ ಹಲ್ಲು, ಕ್ರೌನಿಗೆ ೪೩ ಹಲ್ಲು. ಎಂದರೆ ಚಕ್ರವು ಒಂದು ಸುತ್ತು ಸುತ್ತುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟು ಐದು ಸುತ್ತಿಗಿಂತ ತುಸು ಹೆಚ್ಚು ತಿರುಗಿರುತ್ತದೆ. ಟೈರಿನ ಸುತ್ತಳತೆ ಸುಮಾರು ಎರಡೂಕಾಲು ಮೀಟರು ಎಂದಿಟ್ಟುಕೊಳ್ಳೋಣ. ಗಂಟೆಗೆ ೫ ಕಿಲೋಮೀಟರಿನ ನಡಿಗೆಯ ವೇಗದಲ್ಲಿ ಚಕ್ರವು ನಿಮಿಷಕ್ಕೆ ಸುಮಾರು ೩೭ ಸಲ, ಶಾಫ್ಟು ಸುಮಾರು ೨೦೦ ಸಲ ಸುತ್ತುತ್ತವೆ. ಟೈರಿಗೆ ಸುಣ್ಣದ ಗುರುತು ಹಾಕಿ ಒಬ್ಬರು ಪಕ್ಕದಲ್ಲಿ ನಡೆದುಬರಲಿ. ಗುರುತು ಕೆಳಗೆ ಬಂದಾಗಲೊಮ್ಮೆ ಮಾತ್ರ ‘ಟಕ್’ ಎಂದರೆ ದೋಷವು ಚಕ್ರ, ಬ್ರೇಕ್ ಡ್ರಮ್ಮು, ಆಕ್ಸಲು ಅಥವಾ ಕ್ರೌನಿನ ಒಂದು ಹಲ್ಲಿನದು. ಗುರುತಿನ ಒಂದು ಸುತ್ತಿಗೆ ಐದಾರು ಸಲ ಕೀಚುಕೀಚೆಂದರೆ ಶಾಫ್ಟಿನ ಕ್ರಾಸಿನದು ಅಥವಾ ಪಿನಿಯನ್ನಿನದು. ನಿಮ್ಮ ಜೀಪಿನ ಹಲ್ಲುಗಳ ಲೆಕ್ಕ ಬೇರೆಯಾಗಿದ್ದರೆ, ಸಮನೆಲದಲ್ಲಿ ವಾಹನವನ್ನು ಚಕ್ರದ ಒಂದು ಸುತ್ತಿನಷ್ಟು ಕೈಯಿಂದ ತಳ್ಳಿಸಿ, ಶಾಫ್ಟಿನ ಮೇಲಿನ ಗುರುತು ಎಷ್ಟು ಸಲ ಬಂದಿತೆಂದು ಪಕ್ಕದಲ್ಲಿ ನಿಂತು ಎಣಿಸಿಕೊಳ್ಳಬಹುದು.

ಸಂಗೀತ ಬಲ್ಲವರಿಗೆ ಇದೇ ಲೆಕ್ಕ ಇನ್ನೊಂದು ರೂಪದಲ್ಲಿ ಒದಗುತ್ತದೆ. ಗಂಟೆಗೆ ೨೦ ಕಿಲೋಮೀಟರು ವೇಗದಲ್ಲಿ ಕ್ರೌನು-ಪಿನಿಯನ್ನಿನ ಹಲ್ಲುಗಳು ಸೆಕೆಂಡಿಗೆ ಸುಮಾರು ೧೦೬ ಸಲ, ೪೦ ಕಿಲೋಮೀಟರಿನಲ್ಲಿ ೨೧೨ ಸಲ ಕಚ್ಚುತ್ತವೆ. ಕಂಪನ ಇಮ್ಮಡಿಯಾಯಿತೆಂದರೆ ಸ್ವರ ಒಂದು ಸ್ಥಾಯಿ ಮೇಲೇರಿತೆಂದೇ ಅರ್ಥ. ರೇಡಿಯೋದಲ್ಲಿ ತಂಬೂರಿಯ ನಾದವನ್ನು ಕೇಳಿ ಪಳಗಿದ ಕಿವಿಗೆ ಇದನ್ನು ಗುರುತಿಸುವುದು ಕಷ್ಟವಲ್ಲ. ವೇಗದೊಡನೆ ಹೀಗೆ ಕ್ರಮವಾಗಿ ಏರುವ ಸ್ವರವು ಹಲ್ಲಿನದಿರುವ ಸಂಭವವೇ ಹೆಚ್ಚು. ಆದರೆ ಕೆಸರುರಸ್ತೆಯ ದಪ್ಪ ಗಟ್ಟಿಗಳುಳ್ಳ ಟೈರೂ ಡಾಂಬರಿನ ಮೇಲೆ ಹೀಗೆಯೇ ಹಾಡುತ್ತದೆ. ಸಂಶಯ ಬಂದರೆ ಡಾಂಬರು ಬಿಟ್ಟು ಮಣ್ಣಿನ ರಸ್ತೆಗೆ ಇಳಿಸಿ ನೋಡಿ. ಟೈರಿನ ಹಾಡು ಅಲ್ಲಿ ಅಡಗುತ್ತದೆ, ಹಲ್ಲಿನ ಹಾಡು ಅಡಗುವುದಿಲ್ಲ.

ಮುಂದಿನ ಆಕ್ಸಲಿನ ವಿಚಾರವಾಗಿ ಒಂದು ತಪ್ಪು ತಿಳಿವಳಿಕೆಯಿದೆ. ನಾಲ್ಕು ಚಕ್ರದ ಹಿಡಿಯನ್ನು ಹಾಕದಿದ್ದಾಗ ಮುಂದಿನ ಅಂಗಗಳು ಸುಮ್ಮನಿರುತ್ತವೆಂದು ಹಲವರು ಭಾವಿಸುತ್ತಾರೆ. ಹಬ್ಬಿನಲ್ಲಿ ಬಿಡಿಸುವ ಸೌಕರ್ಯವಿಲ್ಲದ ಜೀಪುಗಳಲ್ಲಿ ಚಕ್ರವು ನೆಲದ ಮೇಲೆ ಉರುಳುವಾಗ ಮುಂದಿನ ಆಕ್ಸಲು, ಕ್ರೌನು, ಪ್ರೊಪೆಲ್ಲರ್ ಶಾಫ್ಟು ಎಲ್ಲವೂ ಕೆಲಸವಿಲ್ಲದಿದ್ದರೂ ತಿರುಗುತ್ತಲೇ ಇರುತ್ತವೆ, ಸದ್ದನ್ನೂ ಮಾಡಬಲ್ಲವು. ಬಿಡಿಸುವ ಹಬ್ಬು ಇದ್ದರೆ ಅದನ್ನು ಬಿಡಿಸಿ ಓಡಿಸಿದಾಗ ಸದ್ದು ನಿಂತಿತೆಂದರೆ ಕಳ್ಳ ಸಿಕ್ಕಿದಂತೆ. ಇನ್ನು ಗಟ್ಟಿ ಡಾಂಬರಿನ ಮೇಲೆ ನಾಲ್ಕೂ ಚಕ್ರಗಳಿಗೆ ಶಕ್ತಿ ಕೊಟ್ಟು ತಿರುವು ಹೊರಳಿಸಿದರೆ ನರಳಾಟವೂ ಜಗ್ಗಾಟವೂ ಬರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ಈ ಜೀಪಿನಲ್ಲಿ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಆ ಅಂತರವನ್ನು ನುಂಗುವ ಡಿಫರೆನ್ಷಿಯಲು ಇಲ್ಲ. ಕೆಸರಿನಲ್ಲಿ ಟೈರು ಜಾರಿ ಸರಿಹೊಂದುತ್ತದೆ. ಡಾಂಬರಿನಲ್ಲಿ ಜಾರದೆ ಒಳಗಿನ ಅಂಗಗಳೆಲ್ಲ ತಿರುಚಿಕೊಳ್ಳುತ್ತವೆ. ಹಿಡಿಯೂ ಬಿಗಿದುಕೊಂಡು ಹಿಂದಕ್ಕೆ ಬಾರದು. ಸ್ವಲ್ಪ ದೂರ ನೇರವಾಗಿ ಹಿಂದಕ್ಕೆ ಓಡಿಸಿದರೆ ಸಾಮಾನ್ಯವಾಗಿ ಬಿಡುತ್ತದೆ. ಇದು ಜೀಪಿನ ಕಾಯಿಲೆಯಲ್ಲ. ಚಾಲಕನು ಬಿಡಬೇಕಾದ ಅಭ್ಯಾಸ.

ಎಲ್ಲಕ್ಕಿಂತ ಹೆಚ್ಚು ಗಮನ ಕೊಡಬೇಕಾದುದು ಪೆಟ್ಟಿನ ಸದ್ದಿಗೆ. ಕ್ಲಚ್ಚು ಬಿಟ್ಟು ಹೊರಡುವಾಗ ಒಮ್ಮೆ, ಆಕ್ಸಿಲರೇಟರು ಬಿಟ್ಟಾಗ ಒಮ್ಮೆ ‘ಟಣ್’ ಎಂದರೆ ಎಲ್ಲಿಯೋ ಸಡಿಲವಿದೆ. ಹಳೆಯ ಹಲ್ಲುಗಳ ನಡುವೆ ಸ್ವಲ್ಪ ಅಂತರ ಸಹಜ. ಕಮಾನುಪಟ್ಟಿಯನ್ನು ಆಕ್ಸಲಿಗೆ ಬಿಗಿಯುವ ಯು ಬೋಲ್ಟು ಸಡಿಲಿದರೂ, ಗೇರ್ ಬಾಕ್ಸಿನ ಕೆಳಗಿನ ರಬ್ಬರು ಹಾಳಾದರೂ ಪೆಟ್ಟು ಕೇಳುತ್ತದೆ. ಆದರೆ ಮೊದಲು ನೋಡಬೇಕಾದುದು ಕ್ರಾಸನ್ನು. ಎಂಜಿನನ್ನು ಆರಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಶಾಫ್ಟನ್ನು ಕೈಯಿಂದ ಹಿಡಿದು ಎಡಬಲಕ್ಕೆ ತಿರುಚಿ, ಮೇಲೆ ಕೆಳಗೆ ಎತ್ತಿ ನೋಡಿ. ಕೀಲಿನ ಎರಡು ಕವಲುಗಳು ಒಂದು ಬಿಟ್ಟು ಒಂದು ಅಲುಗಿದರೆ ಒಳಗಿನ ಸೂಜಿಯಂತಹ ಉರುಳೆಗಳು ಸವೆದಿವೆ. ಕ್ರಾಸಿನ ಬಟ್ಟಲಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಗ್ರೀಸು ಒಣಗಿ ಲೋಹವೇ ಪುಡಿಯಾಗುತ್ತಿದೆಯೆಂದು ತಿಳಿಯಬೇಕು. ಮೊದಲು ಕೀಚುಕೀಚು, ಆಮೇಲೆ ಟಣ್‌ಟಣ್, ಆಮೇಲೆ ಮೈನಡುಕ, ಕೊನೆಗೆ ಮುರಿತ: ಅದರ ಕಥೆ ಸಾಮಾನ್ಯವಾಗಿ ಹೀಗೆಯೇ ಸಾಗುತ್ತದೆ. ಕೀಚುಕೀಚು ಎಂದಾಗಲೇ ಗ್ರೀಸು ತುಂಬಿದರೆ ಕೆಲವೊಮ್ಮೆ ಉಳಿಯುತ್ತದೆ. ಅಲುಗಾಟ ಬಂದ ಮೇಲೆ ಬದಲಾಯಿಸದೆ ಗತಿಯಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವುಂಟು. ಸಿ.ಜೆ. ೩ಬಿ ಜೀಪಿನ ಹ್ಯಾಂಡ್ ಬ್ರೇಕು ಚಕ್ರದಲ್ಲಿಲ್ಲ. ಟ್ರಾನ್ಸ್‌ಫರ್ ಕೇಸಿನ ಹಿಂಬದಿಯ ಡ್ರಮ್ಮಿನಲ್ಲಿದ್ದು, ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಚಕ್ರಗಳನ್ನು ಮಾತ್ರ ನಡೆಸುತ್ತ ಘಾಟಿ ಇಳಿಯುವಾಗ ಹಿಂದಿನ ಕ್ರಾಸು ಮುರಿದರೆ ಎಂಜಿನಿನ ತಡೆಯೂ ಹೋಯಿತು, ಹ್ಯಾಂಡ್ ಬ್ರೇಕೂ ಹೋಯಿತು. ಉಳಿಯುವುದು ಕಾಲಿನ ಬ್ರೇಕು ಒಂದೇ. ಬೀಸುವ ಶಾಫ್ಟು ಅದರ ಕೊಳವೆಗೂ ಬಡಿದರೆ ಅದೂ ಹೋದೀತು. ಒಂದು ಕ್ರಾಸಿನ ಬೆಲೆಗೂ ಒಳಗೆ ಕುಳಿತ ಮಕ್ಕಳ ಬೆಲೆಗೂ ಹೋಲಿಕೆಯೇ ಇಲ್ಲ.

ಇದೇ ಕಾರಣದಿಂದ ಇನ್ನೊಂದು ಎಚ್ಚರಿಕೆ. ಹಿಂದಿನ ಒಂದು ಚಕ್ರವನ್ನು ಜಾಕಿಯಿಂದ ಎತ್ತಿದೊಡನೆ ಹ್ಯಾಂಡ್ ಬ್ರೇಕು ಇದ್ದೂ ಇಲ್ಲದಂತಾಗುತ್ತದೆ. ಶಾಫ್ಟು ಬಿಗಿಯಾಗಿ ನಿಂತಿದ್ದರೂ ಡಿಫರೆನ್ಷಿಯಲಿನ ಮೂಲಕ ಎತ್ತಿದ ಚಕ್ರ ಹಿಂದಕ್ಕೆ, ನೆಲದ ಚಕ್ರ ಮುಂದಕ್ಕೆ ತಿರುಗಬಲ್ಲವು. ವಾಹನ ಜಾಕಿಯಿಂದ ಉರುಳುತ್ತದೆ. ಟ್ರಾನ್ಸ್‌ಫರ್ ಕೇಸನ್ನು ನ್ಯೂಟ್ರಲಿನಲ್ಲಿಟ್ಟಾಗ ಗೇರು ಹಾಕಿದ್ದರೂ ವಾಹನವನ್ನು ಅದು ಹಿಡಿದು ನಿಲ್ಲಿಸುವುದಿಲ್ಲ. ಚಕ್ರಕ್ಕೆ ಕಲ್ಲು ಕೊಡದೆ, ಗಟ್ಟಿಯಾದ ಆಧಾರ ಇಡದೆ, ಬರಿಯ ಜಾಕಿಯನ್ನು ನಂಬಿ ಯಾರೂ ಕೆಳಗೆ ನುಸುಳಬಾರದು. ಶಾಫ್ಟು ತಿರುಗುತ್ತಿರುವಾಗ ಕೆಳಗೆ ಕೈಯಿಕ್ಕುವುದಂತೂ ಕೂಡದು; ಪಂಚೆಯ ಅಂಚು, ಟವಲಿನ ತುದಿ ಸಿಕ್ಕಿದರೂ ಸಾಕು, ಮನುಷ್ಯನನ್ನೇ ಎಳೆದುಕೊಳ್ಳುತ್ತದೆ.

ಈ ಎಚ್ಚರಿಕೆಯೊಡನೆ ಚಕ್ರದ ಪರೀಕ್ಷೆ ಸುಲಭ. ಎತ್ತಿದ ಚಕ್ರವನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿ. ಮುಂದಿನ ಚಕ್ರ ಅಲುಗಿದರೆ ಇನ್ನೊಬ್ಬರಿಂದ ಬ್ರೇಕು ಒತ್ತಿಸಿ. ಅಲುಗಾಟ ನಿಂತರೆ ಸಡಿಲವಿರುವುದು ಹಬ್ಬಿನ ಬೇರಿಂಗಿನಲ್ಲಿ, ನಿಲ್ಲದಿದ್ದರೆ ಚಕ್ರ ಹೊರಳುವ ಕಿಂಗ್ ಪಿನ್ನಿನಲ್ಲಿ. ಆಮೇಲೆ ಗೇರುಗಳನ್ನು ನ್ಯೂಟ್ರಲಿನಲ್ಲಿಟ್ಟು ಚಕ್ರವನ್ನು ಕೈಯಿಂದ ತಿರುಗಿಸುತ್ತ ಇನ್ನೊಂದು ಕೈಯನ್ನು ಕಮಾನುಪಟ್ಟಿಯ ಮೇಲಿಡಿ. ಒರಟು ಬೇರಿಂಗಿನ ಕಂಪನವು ಕಿವಿಗೆ ಕೇಳದಿದ್ದರೂ ಅಂಗೈಗೆ ತಿಳಿಯುತ್ತದೆ.

ನಿಂತ ವಾಹನದಲ್ಲಿ ಒಳಗಿನ ಸದ್ದನ್ನು ಹುಡುಕಲು ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೇರ್ ಬಾಕ್ಸಿನ ಮೈಗೆ ಮುಟ್ಟಿಸಿ ಹಿಡಿಗೆ ಕಿವಿಗೊಡುವುದನ್ನು ನೀವು ನೋಡಿರಬಹುದು. ೧೮೧೬ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಎಂಬಾತ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಕೇಳಿದ. ಸ್ಟೆತಾಸ್ಕೋಪು ಹುಟ್ಟಿದ್ದು ಹಾಗೆ. ಎರಡರ ತತ್ತ್ವವೂ ಒಂದೇ. ಎಲ್ಲಿ ಸದ್ದು ಅತ್ಯಂತ ಸ್ಪಷ್ಟವೋ ಅಲ್ಲಿ ಅದರ ಮನೆ.

ಕಿವಿಯ ತೀರ್ಪಿಗೆ ಎಣ್ಣೆಯೂ ಸಾಕ್ಷಿ ಹೇಳಬೇಕು. ಗೇರ್ ಬಾಕ್ಸು, ಟ್ರಾನ್ಸ್‌ಫರ್ ಕೇಸು, ಎರಡು ಡಿಫರೆನ್ಷಿಯಲುಗಳು, ಇವುಗಳ ಎಣ್ಣೆಯ ಮಟ್ಟವನ್ನು ಬೇರೆ ಬೇರೆಯಾಗಿ ನೋಡಿ. ಎಣ್ಣೆ ತಗ್ಗಿದ್ದರಿಂದಲೇ ಹುಟ್ಟಿದ ಗುಂಯ್ ಎಷ್ಟೋ ಉಂಟು. ಹಳ್ಳ ದಾಟಿದ ಜೀಪಿನ ಎಣ್ಣೆ ಹಾಲುಬೆರೆತಂತೆ ಬೆಳ್ಳಗಾಗಿದ್ದರೆ ನೀರು ನುಗ್ಗಿದೆ; ಕೂಡಲೇ ಬದಲಾಯಿಸಬೇಕು. ಹಳೆಯ ಎಣ್ಣೆಯಲ್ಲಿ ಅಯಸ್ಕಾಂತವನ್ನು ಆಡಿಸಿದಾಗ ಬೂದುಬಣ್ಣದ ನುಣುಪಾದ ಕೆಸರು ಅಂಟಿದರೆ ಅದು ಸಹಜವಾದ ಸವೆತ. ಹರಳಿನಂತಹ ಚೂರುಗಳು ಅಂಟಿದರೆ ಎಲ್ಲಿಯೋ ಹಲ್ಲು ಮುರಿಯುತ್ತಿದೆ.

ಹಾಗಾದರೆ ಯಾವಾಗ ಬಂಡಿಯನ್ನು ನಿಲ್ಲಿಸಬೇಕು? ಕ್ರಾಸಿನಲ್ಲಿ ಕಣ್ಣಿಗೆ ಕಾಣುವ ಅಲುಗಾಟವಿದ್ದರೆ. ಚಕ್ರ ಅಲುಗುತ್ತ ಗೊಣಗುತ್ತಿದ್ದರೆ, ಅಥವಾ ಒಂದು ಹಬ್ಬು ಮಾತ್ರ ಉಳಿದವಕ್ಕಿಂತ ತೀರ ಬಿಸಿಯಾಗುತ್ತಿದ್ದರೆ. ಎಣ್ಣೆಯಲ್ಲಿ ಲೋಹದ ಚೂರು ಕಂಡರೆ. ಇಳಿಜಾರಿನಲ್ಲಿ ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬರುತ್ತಿದ್ದರೆ. ಡಿಫರೆನ್ಷಿಯಲಿನಿಂದ ಸುತ್ತಿಗೊಂದರಂತೆ ಪೆಟ್ಟು ಕೇಳತೊಡಗಿದರೆ. ಇವುಗಳಲ್ಲಿ ಒಂದಾದರೂ ಇದ್ದಾಗ ಜನರನ್ನು ಹತ್ತಿಸಬಾರದು. ಉಳಿದ ಗುಂಯ್‌ಕಾರಗಳನ್ನು ಗುರುತು ಹಾಕಿಕೊಂಡು, ಎಣ್ಣೆ ನೋಡಿಕೊಂಡು, ಬಿಡುವಾದಾಗ ರಿಪೇರಿ ಮಾಡಿಸಬಹುದು.

ಕೊನೆಯದಾಗಿ ಒಂದು ಸಲಹೆ. ಜೀಪಿನಲ್ಲಿ ಒಂದು ಚಿಕ್ಕ ಪುಸ್ತಕವನ್ನು ಇಟ್ಟಿರಿ. ಸದ್ದು ಯಾವ ದಿನ ಮೊದಲು ಕೇಳಿತು, ಅದು ಗುಂಯ್ಯೋ ಗೊರಗೊರವೋ ಟಣ್ಣೋ, ಯಾವ ಗೇರಿನಲ್ಲಿ, ಯಾವ ವೇಗದಲ್ಲಿ, ಒತ್ತಿದಾಗಲೋ ಬಿಟ್ಟಾಗಲೋ, ಯಾವ ತಿರುವಿನಲ್ಲಿ, ನ್ಯೂಟ್ರಲಿನಲ್ಲಿ ನಿಂತಿತೋ ಇಲ್ಲವೋ ಎಂದು ಬರೆದುಕೊಳ್ಳಿ. ‘ಮೂವತ್ತರ ವೇಗದಲ್ಲಿ, ಆಕ್ಸಿಲರೇಟರು ಬಿಟ್ಟಾಗ ಮಾತ್ರ, ಹಿಂದಿನಿಂದ ಗುಂಯ್ ಎನ್ನುತ್ತದೆ, ಗೇರು ಬದಲಾಯಿಸಿದರೂ ಸ್ವರ ಬದಲಾಗುವುದಿಲ್ಲ’ ಎಂದು ಹೇಳಿದ ಗಿರಾಕಿಯ ಜೀಪಿನ ಗೇರ್ ಬಾಕ್ಸನ್ನು ಯಾವ ಮೇಸ್ತ್ರಿಯೂ ಸುಮ್ಮನೆ ಇಳಿಸಲಾರ. ವಾಹನದ ಯಜಮಾನರು ಈ ಪುಸ್ತಕವನ್ನು ತಾವೇ ಬರೆಯುವುದಕ್ಕಿಂತ ದಿನವೂ ಓಡಿಸುವ ಚಾಲಕನನ್ನು ಕೇಳಿ ಬರೆಯುವುದು ಮೇಲು. ಆ ಜೀಪಿನ ಮಾತನ್ನು ಹೆಚ್ಚು ಕೇಳಿದವನು ಅವನು.